ಗಣಿಯ ದೀಪ

1812ರ ಮೇ 25ರಂದು ಇಂಗ್ಲೆಂಡಿನ ಫೆಲ್ಲಿಂಗ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 92 ಮಂದಿ ಗಂಡಸರೂ ಬಾಲಕರೂ ಅಸುನೀಗಿದರು. ಕಲ್ಲಿದ್ದಲ ಪದರಗಳಿಂದ ಒಸರುವ ಮೀಥೇನ್ ಅನಿಲವು ತಕ್ಕ ಪ್ರಮಾಣದಲ್ಲಿ ಗಾಳಿಯೊಡನೆ ಬೆರೆತರೆ, ಅದು ಸಿಡಿಯಲು ದೀಪದ ಕುಡಿಯೊಂದೇ ಸಾಕು. ಆದರೆ ದೀಪವಿಲ್ಲದೆ ನೆಲದಾಳದ ಕತ್ತಲೆಯಲ್ಲಿ ದುಡಿಯುವುದೆಂತು? ಈ ಸಂಕಟಕ್ಕೆ ಪರಿಹಾರ ಕಂಡವರಲ್ಲಿ ಪ್ರಮುಖನು ಹಂಫ್ರಿ ಡೇವಿ.

ಡೇವಿ 1778ರಲ್ಲಿ ಕಾರ್ನ್‌ವಾಲ್ ಪ್ರಾಂತದ ಪೆನ್‌ಜಾನ್ಸ್ ಎಂಬ ಊರಿನಲ್ಲಿ ಜನಿಸಿದನು. ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು ವೈದ್ಯನೊಬ್ಬನ ಬಳಿ ಕೆಲಸಕ್ಕೆ ಸೇರಿದ ಅವನು, ಸ್ವಪ್ರಯತ್ನದಿಂದ ರಸಾಯನಶಾಸ್ತ್ರವನ್ನು ಅಭ್ಯಸಿಸಿದನು. 1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿ, 1807ರಲ್ಲಿ ವಿದ್ಯುತ್ತಿನ ನೆರವಿನಿಂದ ಪೊಟ್ಯಾಸಿಯಂ, ಸೋಡಿಯಂ ಧಾತುಗಳನ್ನು ಬೇರ್ಪಡಿಸಿ ಕೀರ್ತಿವಂತನಾದನು.

1815ರಲ್ಲಿ ಗಣಿಪ್ರದೇಶದ ಪಾದ್ರಿಯೊಬ್ಬನ ಕೋರಿಕೆಯಂತೆ ಡೇವಿ ಗಣಿಗಳನ್ನು ಸಂದರ್ಶಿಸಿದನು. ಅಲ್ಲಿಯ ಅನಿಲವನ್ನು ಪ್ರಯೋಗಶಾಲೆಗೆ ತರಿಸಿ, ಮೈಕೇಲ್ ಫ್ಯಾರಡೆಯ ನೆರವಿನೊಡನೆ ಪರೀಕ್ಷಿಸಿದನು. ಕಿರಿದಾದ ಲೋಹದ ಕೊಳವೆಯನ್ನು ಜ್ವಾಲೆಯು ದಾಟದೆಂಬುದು ತಿಳಿಯಿತು. ಲೋಹವು ಶಾಖವನ್ನು ಹೀರಿ ಹರಡುವುದರಿಂದ ಆಚೆಯ ಅನಿಲವು ಹೊತ್ತಿಕೊಳ್ಳುವಷ್ಟು ಕಾಯುವುದಿಲ್ಲ. ಈ ತತ್ತ್ವವನ್ನನುಸರಿಸಿ ಅವನು ದೀಪದ ಸುತ್ತ ಸಣ್ಣ ಕಣ್ಣುಗಳ ತಂತಿಬಲೆಯನ್ನು ಹೊದಿಸಿದನು. 1816ರ ಜನವರಿಯಲ್ಲಿ ಹೆಬ್ಬರ್ನ್ ಗಣಿಯಲ್ಲಿ ಆ ದೀಪದ ಪರೀಕ್ಷೆ ಸಫಲವಾಯಿತು.

ಅದರ ಏಕಸ್ವಾಮ್ಯವನ್ನು ಪಡೆದಿದ್ದರೆ ಡೇವಿಗೆ ಅಪಾರ ಧನ ಲಭಿಸುತ್ತಿತ್ತು. ಹಿತೈಷಿಗಳು ಸೂಚಿಸಿದರೂ ಅವನು ಅದನ್ನು ಬಯಸಲಿಲ್ಲ. 1829ರಲ್ಲಿ ಜಿನೀವಾದಲ್ಲಿ ಅವನು ನಿಧನನಾದನು.

ಆದರೂ ಗಣಿಯ ದುರಂತಗಳು ನಿಲ್ಲಲಿಲ್ಲ. ದೀಪವನ್ನೇ ನಂಬಿ, ಹಿಂದೆ ಅಪಾಯಕರವೆಂದು ತೊರೆದಿದ್ದ ಪದರಗಳಲ್ಲಿಯೂ ಕೆಲಸ ನಡೆಸಲಾಯಿತು. ಬಲೆ ಹರಿದಲ್ಲಿ ದೀಪವೇ ಅಪಾಯಕ್ಕೆ ಕಾರಣವಾಗುತ್ತಿತ್ತು. ಉಪಕರಣವೊಂದೇ ಜೀವವನ್ನು ಕಾಯಲಾರದು. ದುಡಿಸುವವರ ಎಚ್ಚರವೂ ಅದರೊಡನೆ ಕೂಡಬೇಕು.