ವಿಲಿಯಂ ಅರ್ನೆಸ್ಟ್ ಮೈಲ್ಸ್

ವಿಲಿಯಂ ಅರ್ನೆಸ್ಟ್ ಮೈಲ್ಸ್ (1869–1947) ಇಂಗ್ಲೆಂಡಿನ ಖ್ಯಾತ ಶಸ್ತ್ರವೈದ್ಯರು. ಗುದನಾಳದ ಕ್ಯಾನ್ಸರ್ ಗಡ್ಡೆಯನ್ನು ಹೊಟ್ಟೆಯ ಮೂಲಕವೂ ಗುದದ್ವಾರದ ಕಡೆಯಿಂದಲೂ ಒಟ್ಟಿಗೆ ಬಿಡಿಸಿ ತೆಗೆಯುವ ವಿಧಾನವನ್ನು ಶಾಸ್ತ್ರೀಯ ತಳಹದಿಯ ಮೇಲೆ ನಿಲ್ಲಿಸಿದ ಕೀರ್ತಿ ಇವರದು. ಈ ವಿಧಾನವು ಇಂದಿಗೂ ಮೈಲ್ಸ್ ಶಸ್ತ್ರಕ್ರಿಯೆ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಮೈಲ್ಸ್ ಅವರು ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದಲ್ಲಿ ಜನಿಸಿದರು. ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣ ಪಡೆದರು. ಸೇಂಟ್ ಮಾರ್ಕ್ಸ್ ಆಸ್ಪತ್ರೆಯಲ್ಲಿ ಡೇವಿಡ್ ಗುಡ್‌ಸಾಲ್ ಅವರ ಕೈಕೆಳಗೆ ಗುದರೋಗಗಳ ಚಿಕಿತ್ಸೆಯಲ್ಲಿ ಪರಿಣತಿ ಗಳಿಸಿ, ಅವರೊಡನೆ ಆ ವಿಷಯವನ್ನು ಕುರಿತು ಗ್ರಂಥವನ್ನೂ ರಚಿಸಿದರು. ಮುಂದೆ ರಾಯಲ್ ಕ್ಯಾನ್ಸರ್ ಆಸ್ಪತ್ರೆ ಹಾಗೂ ಗಾರ್ಡನ್ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಿದರು.

ಹೊಸ ಶಸ್ತ್ರಕ್ರಿಯೆ

ಆ ಕಾಲದಲ್ಲಿ ಗಡ್ಡೆಯನ್ನು ಕೆಳಗಿನಿಂದ ಮಾತ್ರ ಕತ್ತರಿಸಿ ತೆಗೆಯುವುದು ವಾಡಿಕೆಯಾಗಿತ್ತು. ಮೈಲ್ಸ್ ಹೀಗೆ ಮಾಡಿದ 57 ಶಸ್ತ್ರಕ್ರಿಯೆಗಳಲ್ಲಿ 54 ರೋಗಿಗಳಿಗೆ ಕ್ಯಾನ್ಸರ್ ಮರುಕಳಿಸಿತು. ಮೃತರ ದೇಹಗಳನ್ನು ಪರೀಕ್ಷಿಸಿದಾಗ, ರೋಗವು ದುಗ್ಧರಸನಾಳಗಳ ಮೂಲಕ ಮೇಲಕ್ಕೆ, ಪಕ್ಕಕ್ಕೆ ಮತ್ತು ಕೆಳಕ್ಕೆ ಹರಡುವುದೆಂದು ಅವರು ನಿರ್ಧರಿಸಿದರು. ಆದ್ದರಿಂದ ಗುದನಾಳ, ಗುದದ್ವಾರ ಮತ್ತು ಸುತ್ತಲಿನ ದುಗ್ಧಗ್ರಂಥಿಗಳೆಲ್ಲವನ್ನೂ ತೆಗೆದು, ಹೊಟ್ಟೆಯ ಮೇಲೆ ಮಲವಿಸರ್ಜನೆಗೆ ಶಾಶ್ವತ ದ್ವಾರವನ್ನು ರಚಿಸುವ ಕ್ರಮವನ್ನು ರೂಪಿಸಿ, 1908ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲ 12 ರೋಗಿಗಳಲ್ಲಿ 5 ಮಂದಿ ಶಸ್ತ್ರಕ್ರಿಯೆಯ ಪರಿಣಾಮವಾಗಿ ಮೃತಪಟ್ಟರು. ಆದರೂ, ಬದುಕುಳಿದವರಲ್ಲಿ ರೋಗ ಮರುಕಳಿಸುವುದು ಹಿಂದಿಗಿಂತ ಬಹಳ ಕಡಿಮೆಯಾದ್ದರಿಂದ ಈ ವಿಧಾನವು ಕ್ರಮೇಣ ಅಂಗೀಕೃತವಾಯಿತು.

ಗಾಯ ಮಾಯುವ ಸಮಸ್ಯೆ

ಈ ಶಸ್ತ್ರಕ್ರಿಯೆಯ ನಂತರ ಆಸನಭಾಗದಲ್ಲಿ ಉಳಿಯುವ ಗಾಯವು ಬೇಗನೆ ಮಾಯುವುದಿಲ್ಲ. ಗುದನಾಳವಿದ್ದ ಜಾಗವು ಮೂಳೆಗಳಿಂದ ಸುತ್ತುವರಿದಿರುವುದರಿಂದ ಅದರ ಗೋಡೆಗಳು ಒಂದಕ್ಕೊಂದು ಕೂಡಿಕೊಳ್ಳಲಾರವು. ಆ ಪೊಳ್ಳಿನಲ್ಲಿ ರಕ್ತ ಮತ್ತು ನೀರಿನಂಥ ದ್ರವವು ಸಂಗ್ರಹವಾಗುತ್ತದೆ. ಅದು ಹೊರಹೋಗದಿದ್ದರೆ ಸೋಂಕು ತಗುಲಿ ಕೀವಾಗುತ್ತದೆ. ಪ್ರತಿಜೈವಿಕ ಔಷಧಗಳಿಲ್ಲದ ಅಂದು ಇದು ಪ್ರಾಣಾಪಾಯಕ್ಕೂ ಕಾರಣವಾಗುತ್ತಿತ್ತು. ಗಾಯವನ್ನು ತೆರೆದಿಟ್ಟು ಬಟ್ಟೆಯ ಪಟ್ಟಿ ತುಂಬಿ, ತಳದಿಂದ ಹೊಸ ಮಾಂಸ ಬೆಳೆದು ಬರುವವರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕಾಗಿತ್ತು.

ಮುಂದೆ ಗಾಯವನ್ನು ಹೊಲಿದು, ದ್ರವವನ್ನು ಹೀರಿ ತೆಗೆಯುವ ನಳಿಕೆಯನ್ನು ಇರಿಸುವ ಪದ್ಧತಿ ಬಂದಿತು. ಹೊರಬರುವ ದ್ರವದ ಪ್ರಮಾಣವು ಕಡಿಮೆಯಾದ ಮೇಲೆ ನಳಿಕೆಯನ್ನು ತೆಗೆಯುತ್ತಾರೆ. ವಿಕಿರಣ ಚಿಕಿತ್ಸೆ ಪಡೆದವರಲ್ಲಿ, ಮಧುಮೇಹಿಗಳಲ್ಲಿ ಮತ್ತು ಧೂಮಪಾನಿಗಳಲ್ಲಿ ಗಾಯವು ನಿಧಾನವಾಗಿ ಮಾಯುತ್ತದೆ. ಅಗತ್ಯವಿದ್ದಲ್ಲಿ ತೊಡೆಯ ಅಥವಾ ಹೊಟ್ಟೆಯ ಸ್ನಾಯುವಿನಿಂದ ಪೊಳ್ಳನ್ನು ತುಂಬುವುದುಂಟು. ಜ್ವರ, ದುರ್ವಾಸನೆಯ ಸ್ರಾವ ಅಥವಾ ಹೆಚ್ಚುವ ನೋವು ಸೋಂಕಿನ ಲಕ್ಷಣಗಳಾಗಿರಬಹುದಾದ್ದರಿಂದ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಪ್ರಭಾವ

ಗುದದ್ವಾರವನ್ನು ಉಳಿಸಿಕೊಂಡು ಗಡ್ಡೆ ತೆಗೆಯುವ ವಿಧಾನಗಳು ಬೆಳೆದಂತೆ ಮೈಲ್ಸ್ ಶಸ್ತ್ರಕ್ರಿಯೆಯ ಬಳಕೆ ಕಡಿಮೆಯಾಯಿತು. ಆದರೆ ಗಡ್ಡೆಯು ಗುದದ್ವಾರಕ್ಕೆ ತೀರ ಸಮೀಪದಲ್ಲಿದ್ದಾಗ ಅದು ಇಂದಿಗೂ ಅಗತ್ಯವಾಗುತ್ತದೆ. 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಗುದನಾಳದ ಕ್ಯಾನ್ಸರಿಗೆ ಚಿಕಿತ್ಸೆ ದೊರೆಯುತ್ತದೆ. ಮೈಲ್ಸ್ ಅವರು 1947ರಲ್ಲಿ ನಿಧನರಾದರು.