ವ್ಯಾಜ್ಯ ಬಿಡಿಸಿದ ಬ್ಯಾರಿಸ್ಟರ್

ಮಹಾತ್ಮ ಗಾಂಧೀಜಿಯವರ ದಕ್ಷಿಣ ಆಫ್ರಿಕಾದ ದಿನಗಳನ್ನು ಸ್ಮರಿಸುವಾಗಲೆಲ್ಲ ನಾವು ಪೀಟರ್‌ಮಾರಿಟ್ಸ್‌ಬರ್ಗ್ ರೈಲು ನಿಲ್ದಾಣದ ಅವಮಾನವನ್ನು ನೆನೆಯುತ್ತೇವೆ. ಅವರು ಆ ದೇಶಕ್ಕೆ ಹೋದದ್ದು ಏತಕ್ಕೆಂಬುದನ್ನು ಮಾತ್ರ ಮರೆಯುತ್ತೇವೆ. ಹೋದದ್ದು ಒಂದು ಹಣದ ವ್ಯಾಜ್ಯದ ಸಲುವಾಗಿ.

1869ರಲ್ಲಿ ಪೋರಬಂದರಿನಲ್ಲಿ ಜನಿಸಿ, 1891ರಲ್ಲಿ ಲಂಡನ್ನಿನಿಂದ ಬ್ಯಾರಿಸ್ಟರ್ ಆಗಿ ಮರಳಿದ ಅವರಿಗೆ ಮುಂಬಯಿಯ ನ್ಯಾಯಾಲಯದಲ್ಲಿ ಮೊದಲ ಮೊಕದ್ದಮೆಯಲ್ಲೇ ಬಾಯಿ ಕಟ್ಟಿತು. 1893ರಲ್ಲಿ ದಾದಾ ಅಬ್ದುಲ್ಲಾ ಕಂಪನಿಯವರು 105 ಪೌಂಡ್ ಸಂಭಾವನೆ ಗೊತ್ತುಮಾಡಿ ಒಂದು ವರ್ಷದ ಮಟ್ಟಿಗೆ ಅವರನ್ನು ಕರೆಸಿಕೊಂಡರು. ದಾವೆಯ ಮೊತ್ತ 40,000 ಪೌಂಡ್. ಪ್ರತಿವಾದಿ ಪ್ರಿಟೋರಿಯಾದ ವರ್ತಕ ತಯ್ಯಬ್ ಹಾಜಿ ಖಾನ್ ಮಹಮ್ಮದ್. ಇಬ್ಬರೂ ಒಂದೇ ಊರಿನವರು, ಮೇಲಾಗಿ ಬಂಧುಗಳು. ಹೊಲದ ಬದುವಿಗಾಗಿ ದಾಯಾದಿಗಳು ಕೋರ್ಟಿನ ಮೆಟ್ಟಿಲು ಹತ್ತುವುದನ್ನು ಕಂಡಿರುವ ನಮಗೆ ಇದೇನೂ ಹೊಸದಲ್ಲ.

ಗಾಂಧೀಜಿಯವರು ಲೆಕ್ಕಪತ್ರ ಬರೆಯುವ ವಿದ್ಯೆಯನ್ನು ಪುಸ್ತಕ ತರಿಸಿಕೊಂಡು ಕಲಿತು, ಕಾಗದಪತ್ರಗಳನ್ನೆಲ್ಲ ಶೋಧಿಸಿದರು. ಸತ್ಯಸಂಗತಿಗಳೂ ಕಾನೂನೂ ತಮ್ಮ ಕಕ್ಷಿದಾರರ ಕಡೆಗೇ ಇವೆಯೆಂಬುದು ಮನದಟ್ಟಾಯಿತು. ಗೆಲ್ಲುವ ಮೊಕದ್ದಮೆಯಲ್ಲಿ ರಾಜಿಯ ಮಾತೆತ್ತುವ ವಕೀಲರು ಎಂದಿಗೂ ವಿರಳ. ಆದರೆ ವಕೀಲರ ಶುಲ್ಕ ದಿನೇ ದಿನೇ ಏರುತ್ತಿತ್ತು. ಗೆದ್ದವರಿಗೂ ಆ ಖರ್ಚು ಪೂರ್ತಿಯಾಗಿ ಮರಳಿ ಬರುವಂತಿರಲಿಲ್ಲ. ವ್ಯಾಪಾರ ಬದಿಗೆ ಬಿದ್ದಿತ್ತು, ಬಂಧುಗಳ ನಡುವೆ ದ್ವೇಷ ಬೆಳೆಯುತ್ತಿತ್ತು. ಅವರು ನೇರವಾಗಿ ತಯ್ಯಬ್ ಸೇಠರನ್ನೇ ಕಂಡು, ಇಬ್ಬರಿಗೂ ನಂಬಿಕೆಯುಳ್ಳ ಪಂಚರೊಬ್ಬರಿಗೆ ವಿಷಯವನ್ನು ಒಪ್ಪಿಸುವಂತೆ ಕೇಳಿಕೊಂಡರು. ಸೇಠರು ಕಡೆಗೆ ಒಪ್ಪಿದರು. ಪಂಚರ ಮುಂದೆ ವಾದ ನಡೆದು ದಾದಾ ಅಬ್ದುಲ್ಲಾ ಗೆದ್ದರು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತದೆ. ನಮಗೆ ಹಿರಿದಾಗಿ ಕಾಣುವುದು ಮುಂದಿನ ಭಾಗ. ತೀರ್ಪಿನಂತೆ ತಯ್ಯಬ್ ಸೇಠರು ಕೊಡಬೇಕಾದದ್ದು ಸುಮಾರು 37,000 ಪೌಂಡ್ ಮತ್ತು ಖರ್ಚು. ಒಮ್ಮೆಲೇ ಕೊಡುವುದು ಅವರಿಂದ ಅಸಾಧ್ಯ. ದಿವಾಳಿಯೆನಿಸಿಕೊಳ್ಳುವುದಕ್ಕಿಂತ ಸಾವೇ ಲೇಸೆಂಬುದು ಅಲ್ಲಿದ್ದ ಪೋರಬಂದರಿನ ಮೇಮನ್ ವರ್ತಕರ ಅಲಿಖಿತ ನಿಯಮವಾಗಿತ್ತು. ಒಂದು ಕಾಸನ್ನೂ ಕಡಿಮೆ ಮಾಡಿರೆಂದು ಸೇಠರು ಬೇಡಲಿಲ್ಲ. ಅವರಿಗೆ ಬೇಕಾಗಿದ್ದುದು ಕಾಲಾವಕಾಶ. ಗಾಂಧೀಜಿಯವರು ಈಗ ಗೆದ್ದ ತಮ್ಮ ಕಕ್ಷಿದಾರರ ಮನವೊಲಿಸಲು ಕುಳಿತರು. ಎರಡೂ ಪಕ್ಷಗಳನ್ನು ಪಂಚಾಯ್ತಿಗೆ ಒಪ್ಪಿಸಿದ್ದಕ್ಕಿಂತ ಈ ಕೆಲಸವೇ ಅವರಿಗೆ ಕಠಿನವಾಯಿತು. ದಾದಾ ಅಬ್ದುಲ್ಲಾ ದೀರ್ಘಾವಧಿಯ ಕಂತುಗಳಿಗೆ ಒಪ್ಪಿದರು. ಸೋತವರ ಮಾನ ಉಳಿಯಿತು, ಗೆದ್ದವರ ಗೌರವವೂ ಹೆಚ್ಚಿತು.

ಮುಂದಿನ ಸುಮಾರು 20 ವರ್ಷಗಳ ವಕೀಲಿ ವೃತ್ತಿಯಲ್ಲಿ ಅವರು ನೂರಾರು ವ್ಯಾಜ್ಯಗಳನ್ನು ನ್ಯಾಯಾಲಯದ ಹೊರಗೇ ರಾಜಿಯಿಂದ ಮುಗಿಸಿದರು. ಇದರಿಂದ ಸಂಪಾದನೆಗೂ ಕೊರತೆಯಾಗಲಿಲ್ಲ. 1918ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರಿಗೂ ಕಾರ್ಮಿಕರಿಗೂ ನಡೆದ ಕೂಲಿಯ ವಿವಾದ ಕೂಡ, ಮುಷ್ಕರ ಹಾಗೂ ಗಾಂಧೀಜಿಯವರ ಉಪವಾಸದ ತರುವಾಯ, ಪಂಚರ ಮುಂದೆಯೇ ಬಂದು ನಿಂತಿತು. ಅಲ್ಲಿ ಪಂಚರಾಗಿದ್ದವರು ವಿದ್ವಾಂಸ ಆನಂದಶಂಕರ ಧ್ರುವ.