ಗೇಣಿದಾರನ ಹೆಸರು ಪಹಣಿಗೆ ಬಂದದ್ದು ಹೇಗೆ? ದೇವರಾಜ ಅರಸರ ಕಥೆ

ಹುಣಸೂರು: ಮಳೆಗೆ ಬೆಳೆ ಹೋದಾಗ ಪರಿಹಾರ ಕೇಳಲು ಹೋದರೆ ಮೊದಲು ನೋಡೋದು ಪಹಣಿ. ಪಿಎಂ ಕಿಸಾನ್ ಹಣಕ್ಕೂ ಅದೇ, ಸಬ್ಸಿಡಿ ಬೀಜಕ್ಕೂ ಅದೇ. ಹೆಸರಿದ್ದವನಿಗೆ ದುಡ್ಡು, ಇಲ್ಲದವನು ಬರಿಗೈಲಿ ವಾಪಸ್. ರಾಜ್ಯದ ಲಕ್ಷಾಂತರ ಮನೆಗಳಲ್ಲಿ ಆ ಹೆಸರು ಪಹಣಿಗೆ ಹತ್ತಿದ್ದು ಅಜ್ಜ-ಮುತ್ತಜ್ಜನ ಕಾಲದಲ್ಲಿ. ಆಗ ಮುಖ್ಯಮಂತ್ರಿ ಇದೇ ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು.

1915ರ ಆಗಸ್ಟ್ 20ರಂದು ಹುಟ್ಟಿದ ಅರಸು ಮೈಸೂರು, ಬೆಂಗಳೂರಿನಲ್ಲಿ ಓದಿ ಬಿ.ಎಸ್ಸಿ. ಮುಗಿಸಿದರು. ನೌಕರಿ ಹುಡುಕದೆ ಊರಿಗೆ ಬಂದು ಹೊಲ ಮಾಡಿದರು. ಕುಸ್ತಿ ಆಡಿ ಗಟ್ಟಿಯಾಗಿದ್ದ ಆಳು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಸೇರಿದರು, ಮರುವರ್ಷ ಚಳವಳಿಯಲ್ಲಿ ಜೈಲಿಗೂ ಹೋದರು. 1952ರಿಂದ ಹುಣಸೂರಿನ ಶಾಸಕ. 1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ.

ಭೂ ಸುಧಾರಣೆ ಕಾಯ್ದೆ ಆಗಲೇ ಇತ್ತು, 1961ರದ್ದು. ಆದರೆ ಅದರಲ್ಲಿ ಒಡೆಯನಿಗೆ ತಪ್ಪಿಸಿಕೊಳ್ಳೋ ದಾರಿಗಳು ಬೇಕಾದಷ್ಟು. ಅರಸು ಅದಕ್ಕೆ ತಿದ್ದುಪಡಿ ತಂದರು. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರದ್ದಾಯಿತು, ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿ ತನಗೆ ಬರೆಸಿಕೊಳ್ಳಬೇಕು. ತೀರ್ಮಾನ ಮಾಡೋದು ಕೋರ್ಟಲ್ಲ, ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರ್ಕಾರ ನೇಮಿಸಿದ ಸದಸ್ಯರು, ಅವರಲ್ಲಿ ಪರಿಶಿಷ್ಟರೊಬ್ಬರು ಇರಲೇಬೇಕು. ವಕೀಲರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಗೇಣಿ ರಸೀದಿ ಕೊಡದ ಧಣಿ ಎದುರು ರಸೀದಿ ಇಲ್ಲದ ಒಕ್ಕಲು ನಿಂತು ಬಾಯಿಮಾತಲ್ಲಿ ಹೇಳಬೇಕು, ಅಕ್ಕಪಕ್ಕದವರು ಸಾಕ್ಷಿ. ನಿನ್ನೆವರೆಗೆ ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಂತವನಿಗೆ ಇದು ಸಣ್ಣ ವಿಷಯವಲ್ಲ. ಅರ್ಜಿಗಳು 8 ಲಕ್ಷ ದಾಟಿದವು. ಕರಾವಳಿ, ಮಲೆನಾಡಿನಿಂದ ರಾಶಿರಾಶಿ ಬಂದವು.

ಜಮೀನು ಪುಕ್ಕಟೆಯೇನೂ ಆಗಿರಲಿಲ್ಲ. ಗೇಣಿದಾರ ಸರ್ಕಾರಕ್ಕೆ ಕಂತಿನಲ್ಲಿ ಹಣ ಕಟ್ಟಬೇಕಿತ್ತು. ಒಡೆಯನಿಗೆ ಜಮೀನಿನ ವರಮಾನದ ಲೆಕ್ಕದಲ್ಲಿ ಪರಿಹಾರ, ದೇವಸ್ಥಾನಗಳಿಗೆ ವರ್ಷಾಶನ. ಈ ಪರಿಹಾರದ ವಿಚಾರದಲ್ಲೇ ಅರಸರ ಮೇಲೆ ಸಿಟ್ಟು ಉಳಿದದ್ದು. ನೂರಾರು ಎಕರೆಯ ಧಣಿ ಹೇಗೋ ಬದುಕಿಕೊಂಡ. ಎರಡೆಕರೆ ಗೇಣಿಗೆ ಕೊಟ್ಟು ಅಕ್ಕಿ ನಂಬಿಕೊಂಡಿದ್ದ ವಿಧವೆಗೂ ಅದೇ ಕಾನೂನು. ಕೈಗೆ ಬಂದ ಹಣ ಭೂಮಿಯ ಪೇಟೆ ಬೆಲೆಗೆ ಏನೇನೂ ಸಾಲದು, ಅದಕ್ಕೂ ಕಚೇರಿ ಅಲೆಯಬೇಕು. ಅರಸರನ್ನು ಮೆಚ್ಚುವವರು ಇದನ್ನು ಅಷ್ಟಾಗಿ ಹೇಳುವುದಿಲ್ಲ.

ಪೇಟೆಗೂ ಬಿಸಿ ತಟ್ಟಿತು. 1976ರ ಋಣ ಪರಿಹಾರ ಕಾಯ್ದೆಯಿಂದ ಸಣ್ಣ ರೈತರು, ಕೂಲಿಗಳು ಖಾಸಗಿಯವರಿಂದ ತಂದ ಸಾಲ ಮನ್ನಾ ಆಯಿತು. ಅಡವಿಟ್ಟ ಒಡವೆ, ಪಾತ್ರೆ ವಾಪಸ್ ಕೊಡಬೇಕಾಯಿತು. ಗಿರವಿ ಅಂಗಡಿಗಳವರು ಸುಮ್ಮನೆ ಒಪ್ಪಲಿಲ್ಲ. ಆಮೇಲೆ ಸಾಲ ಹುಟ್ಟೋದೇ ಕಷ್ಟವಾಯಿತು ಅನ್ನೋದೂ ಸುಳ್ಳಲ್ಲ.

1979ರಲ್ಲಿ ಇಂದಿರಾ ಗಾಂಧಿ ಜೊತೆ ಮುರಿಯಿತು, 1980ರ ಜನವರಿಯಲ್ಲಿ ಕುರ್ಚಿಯೂ ಹೋಯಿತು. ಭೂಮಿ ಪಡೆದವರ ಓಟೂ ಅವರನ್ನು ಉಳಿಸಲಿಲ್ಲ. ಕ್ರಾಂತಿರಂಗ ಕಟ್ಟಿದರು, ಅದು ಬೇರೂರುವ ಮೊದಲೇ 1982ರ ಜೂನ್ 6ರಂದು ತೀರಿಕೊಂಡರು.

ವಕೀಲರನ್ನು ಹೊರಗಿಟ್ಟ ನಿಯಮವನ್ನು 1987ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಗೇಣಿ ನಿಷೇಧ ಮಾತ್ರ ಕಾನೂನಿನಲ್ಲಿ ಉಳಿಯಿತು. ಹಾಗಂತ ಗುತ್ತಿಗೆ, ವಾರ ನಿಂತಿಲ್ಲ, ಎಲ್ಲಾ ಬಾಯಿಮಾತಲ್ಲೇ ನಡೆದಿದೆ. ಕಾಗದ ಬರೆದುಕೊಟ್ಟರೆ ಜಮೀನೇ ಹೋದೀತು ಅನ್ನೋ ಭಯ ಒಡೆಯನಿಗೆ. ಹಾಗಾಗಿ ಈಗಿನ ಗುತ್ತಿಗೆ ರೈತನ ಹೆಸರು ಪಹಣಿಯಲ್ಲಿಲ್ಲ. ಬೀಜ ಅವನದು, ಗೊಬ್ಬರದ ಅಂಗಡಿ ಸಾಲ ಅವನದು. ಬೆಳೆ ಹೋದರೆ ಪರಿಹಾರ ಬೀಳೋದು ಒಡೆಯನ ಖಾತೆಗೆ. ಅವನು ಕರೆದು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ.